ಎಂಜಿನ್ ಬದಲಿಸುವ ಮುನ್ನ ಬೇರಿಂಗ್ ಅಳೆಯಿರಿ

ಬೀಚನಹಳ್ಳಿ, ಎಚ್.ಡಿ. ಕೋಟೆ ಕಡೆಯ ಲಾರಿ ಮಾಲೀಕರೇ, ತಂಬಾಕಿನ ಹಂಗಾಮಿಗೆ ಮೊದಲು ಬೇರೆ ಮಾಡೆಲ್ಲಿನ ಹಳೇ ಎಂಜಿನ್ ತಂದು ಇರುವ ಗೇರ್‌ಬಾಕ್ಸಿಗೇ ಕೂರಿಸುವ ಯೋಚನೆ ಇದೆಯೇ? ಬೋಲ್ಟು ಕೂತ ಮಾತ್ರಕ್ಕೆ ಕೆಲಸ ಮುಗಿಯದು. ಕ್ರ್ಯಾಂಕಿನ ತುದಿಯಲ್ಲೋ ಫ್ಲೈವೀಲಿನ ನಡುವಲ್ಲೋ ಇರುವ ಪೈಲಟ್ ಬೇರಿಂಗ್, ಗೇರ್‌ಬಾಕ್ಸ್ ಶಾಫ್ಟಿನ ಮೂತಿಯನ್ನು ಹಿಡಿದು ನಿಲ್ಲಿಸುತ್ತದೆ. ಅದರ ಹೊರ ಅಳತೆ ಎಂಜಿನ್ನಿಗೆ, ಒಳ ಅಳತೆ ಶಾಫ್ಟಿಗೆ ಹೊಂದಬೇಕು. 6203, 6303 ಎರಡರ ಒಳ ಅಳತೆಯೂ 17 ಮಿ.ಮೀ.; ಹೊರಗೆ ಮಾತ್ರ 40 ಮತ್ತು 47. ಹಾಗಾಗಿ ವರ್ನಿಯರ್ ಹಿಡಿದು ಎರಡೂ ಕಡೆ ಅಳೆದುಕೊಂಡೇ ಅಂಗಡಿಗೆ ಹೋಗಿ. ಸಿದ್ಧ ಬೇರಿಂಗ್ ಸಿಗದಿದ್ದರೆ ಲೇತಿನವರ ಹತ್ತಿರ ಬುಷ್ ಮಾಡಿಸಿ. ಪಂಚಿನಿಂದ ಗುದ್ದಿ ಬಿಗಿ ಮಾಡುವುದು, ತಗಡು ಸುತ್ತುವುದು ಬೇಡವೇ ಬೇಡ. ಶಾಫ್ಟಿನ ಮೂತಿ ಒಳಗೆ ಎಷ್ಟು ಹೋಗುತ್ತದೆ, ತಳಕ್ಕೆ ತಾಗುತ್ತದೆಯೇ ಎಂಬುದನ್ನೂ ನೋಡಿ.

ಕ್ಲಚ್ ತುಳಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗನ್ನಷ್ಟೇ ಬೈಯಬೇಡಿ. ಕಾಲು ತೆಗೆದಾಗ ಶಾಫ್ಟೂ ಫ್ಲೈವೀಲೂ ಒಟ್ಟಿಗೆ ತಿರುಗುವುದರಿಂದ ಪೈಲಟ್ ಬೇರಿಂಗ್ ಸದ್ದು ಮಾಡುವುದಿಲ್ಲ. ತುಳಿದಾಗಲೇ ಅದರ ಬಣ್ಣ ಬಯಲಾಗುವುದು.

ಅಂದಹಾಗೆ, ಎಂಜಿನ್ ನಂಬರು ಆರ್‌ಸಿಯಲ್ಲಿರುತ್ತದೆ. ಕೈ ಹಾಕುವ ಮೊದಲೇ ಹುಣಸೂರಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.