ಸಂಜೆ ಏಳಕ್ಕೊಂದು ಮಾತು

ಕುಡಿತ ಬಿಡಲು ಹೊರಟ ಬಹಳ ಜನಕ್ಕೆ ಸಂಜೆಯೇ ಕಷ್ಟದ ಹೊತ್ತು. ಕೆಲಸ ಮುಗಿಸಿ ಹಳೇ ದಾರಿಯಲ್ಲೇ ಬರುವಾಗ ಕಾಲು ತಾನಾಗಿ ಬಾರಿನತ್ತ ತಿರುಗುತ್ತದೆ. ಆ ಹೊತ್ತಿಗೆಂದೇ ಒಂದು ಮಾತನ್ನು ಜೊತೆಗಿಟ್ಟುಕೊಳ್ಳಿ.

"ನಾನು ಉಕ್ಕಿನ ಮನುಷ್ಯ, ನನಗೇನೂ ಆಗದು" ಎಂಬಂಥದ್ದು ಬೇಡ. ನಂಬಿಕೆ ಹುಟ್ಟದ ಮಾತು ಒಳಗೇ ಚುಚ್ಚುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಳರಿಮೆಯಿದ್ದವರು 'ನಾನು ಪ್ರೀತಿಗೆ ಅರ್ಹ' ಎಂದು ಹೇಳಿಕೊಂಡು ಇನ್ನಷ್ಟು ಕುಗ್ಗಿದ್ದು ಕಂಡುಬಂತು. ನಿಜವಾದದ್ದನ್ನೇ ಹೇಳಿಕೊಳ್ಳಿ: "ಇವತ್ತು ಕುಡಿಯುವುದಿಲ್ಲ. ನಾಳೆಯದು ನಾಳೆಗೆ." 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ಹಿಡಿದ ದಾರಿಯೂ ಇದೇ, ಒಂದು ಸಲಕ್ಕೆ ಒಂದೇ ದಿನ. ಬಾಯಿಬಿಟ್ಟು ಹೇಳಿ. ಹೇಳುತ್ತಲೇ ಎರಡು ಲೋಟ ನೀರು ಕುಡಿಯಿರಿ, ಅಕ್ಕನಿಗೋ ಗೆಳೆಯನಿಗೋ ಫೋನ್ ಮಾಡಿ. ಏರಿದ ಆಸೆ ಇಳಿಯುತ್ತದೆ.

ನಡುವೆ ಎಡವಿದರೆ? "ನನ್ನ ಹಣೆಬರಹವೇ ಇಷ್ಟು" ಎಂಬ ಮಾತು ಮರುದಿನವೂ ಬಾಟಲಿ ಹಿಡಿಸುತ್ತದೆ. "ಇಪ್ಪತ್ತು ದಿನ ತಡೆದಿದ್ದೆ, ಆ ಇಪ್ಪತ್ತೂ ನನ್ನವೇ" ಎನ್ನಿ. ಮನೆಯವರೂ ದಯವಿಟ್ಟು ಹಾಗೇ ಎಣಿಸಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅಂಥವರಿಗೆ ವೈದ್ಯರೇ ಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.