ಅಪ್ಪನ ಫೋಟೊ ಸರಿ ಬರುತ್ತಿಲ್ಲ

ಪ್ರಶ್ನೆ: ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷಾಂತಿಕಕ್ಕೆ ಬರುವ ಬಳಗಕ್ಕೆಲ್ಲ ಅವರ ಫೋಟೊ ಕೊಡಬೇಕೆಂದು ಪ್ರಿಂಟರ್ ತಂದೆ. ಸಾಫ್ಟ್‌ವೇರ್ ಯಾವುದೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಹೆಸರು. ಎಲ್ಲ ಹಾಕಿ ನೋಡಿದೆ. ಅಪ್ಪನ ಮುಖ ಒಮ್ಮೆ ಕೆಂಪು, ಒಮ್ಮೆ ಕಪ್ಪು. ‘ಸುಮ್ನ ರೊಕ್ಕಾ ಹಾಳ ಮಾಡಾಕತ್ತಿ’ ಅಂತ ಅಣ್ಣ ಬೈದ. ಈಗ ಪ್ರಿಂಟರ್ ಕಂಡರೇ ಅಳು ಬರುತ್ತದೆ.
– ಹೆಸರು ಬೇಡ, ಸಪ್ತಾಪುರ, ಧಾರವಾಡ

ಉತ್ತರ: ಅಳು ಬಂದರೆ ಅತ್ತುಬಿಡಿ. ಬೇರೆ ಯಾವುದೋ ಚಿತ್ರ ಕೆಟ್ಟಿದ್ದರೆ ಹಾಳೆ ಮುದುಡಿ ಎಸೆಯುತ್ತಿದ್ದಿರಿ. ಅಪ್ಪನ ಮುಖವಿರುವ ಹಾಳೆ ಎಸೆಯಲು ಯಾರಿಗೂ ಕೈ ಬರುವುದಿಲ್ಲ. ಅಣ್ಣನ ಮಾತು ನೋಯಿಸಿದೆ, ನಿಜ. ಆದರೆ ಅವರೂ ಅಪ್ಪನನ್ನು ಕಳೆದುಕೊಂಡವರೇ. ಆ ಸಿಟ್ಟಿನಲ್ಲಿ ದುಃಖವೂ ಬೆರೆತಿರಬಹುದು.

ನಿಮಗೆ ಕೆಲಸ ಬರುವುದಿಲ್ಲ ಎಂದುಕೊಳ್ಳಬೇಡಿ. ಆರಿಸಿದ ಸಾಫ್ಟ್‌ವೇರ್ ಕೂಡ ಬಹುಶಃ ಕೆಟ್ಟದ್ದಲ್ಲ. ಬಣ್ಣ ಕೆಡುವುದು ಹೆಚ್ಚಾಗಿ ಬೇರೆ ಕಡೆ. ಟ್ರೇನಲ್ಲಿ ಗ್ಲಾಸಿ ಕಾಗದ ಇಟ್ಟು, ಸೆಟ್ಟಿಂಗ್‌ನಲ್ಲಿ ‘ಪ್ಲೇನ್ ಪೇಪರ್’ ಎಂದೇ ಬಿಟ್ಟಿರುತ್ತೇವೆ. ಇಲ್ಲವೇ ಸಾಫ್ಟ್‌ವೇರೂ ಪ್ರಿಂಟರೂ ಎರಡೂ ಬಣ್ಣ ತಿದ್ದಲು ಹೊರಡುತ್ತವೆ.

ಹಾಗಾಗಿ ಪ್ರಿಂಟರ್ ಕಂಪನಿಯವರೇ ಉಚಿತವಾಗಿ ಕೊಡುವ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದುಬಿಡಿ. ಎಪ್ಸನ್ ಆದರೆ ಎಪ್ಸನ್ ಫೋಟೊ ಪ್ಲಸ್, ಕ್ಯಾನನ್ ಆದರೆ ಈಜಿ ಫೋಟೊಪ್ರಿಂಟ್ ಎಡಿಟರ್. ಕಾಗದ ಯಾವುದೆಂದು ಸರಿಯಾಗಿ ತಿಳಿಸಿ, ಸಾಕು. ಕಲೆ, ಗೀರು ಅಳಿಸಲು ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಒಳ್ಳೆಯದೇ, ಆದರೆ ಕಲಿಯಲು ಸಮಯ ಬೇಕು. ವರ್ಷಾಂತಿಕದ ಗಡಿಬಿಡಿಯಲ್ಲಿ ಅದು ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ. ಮೂಲ ಫೋಟೊವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. 4x6 ಇಂಚಿಗೆ 1200x1800 ಪಿಕ್ಸೆಲ್ ಇದ್ದರೆ ಅಚ್ಚುಕಟ್ಟಾಗಿ ಬರುತ್ತದೆ. ಮೊದಲು ಮುಖದಷ್ಟನ್ನೇ ಚಿಕ್ಕದಾಗಿ ಪ್ರಿಂಟ್ ತೆಗೆದು, ಹಗಲ ಬೆಳಕಿಗೆ ಹಿಡಿದು ನೋಡಿ. ಆಗ ಅಣ್ಣನನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಅಪ್ಪನ ಮೈಬಣ್ಣ ಹೇಗಿತ್ತೆಂದು ಯಾವ ಸಾಫ್ಟ್‌ವೇರ್‌ಗೂ ಗೊತ್ತಿಲ್ಲ, ನಿಮ್ಮಿಬ್ಬರಿಗೆ ಗೊತ್ತು.

ಗೋಡೆಗೆ ಹಾಕುವ ದೊಡ್ಡ ಫೋಟೊವನ್ನು ಸ್ಟುಡಿಯೊಕ್ಕೇ ಕೊಡಿ. ಅದರಲ್ಲಿ ಸೋಲೇನೂ ಇಲ್ಲ.

ಇಷ್ಟಾದ ಮೇಲೂ ಅಳು ನಿಲ್ಲದೆ, ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಅದು ಪ್ರಿಂಟರಿನ ಚಿಂತೆಯಲ್ಲ. ನಿಮ್ಮೂರಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಸಂಕೋಚಪಡದೆ ಹೋಗಿ ಬನ್ನಿ. ಮನೆಯಿಂದಲೇ ಮಾತಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.