ರಕ್ತದ ಟ್ಯೂಬಿನ ಹಿಂದೆ ಒಂದು ದಿನ ನಡೆದು ನೋಡಿ

ಬೆಳಗ್ಗೆ ಏಳೂವರೆಗೆ ಲ್ಯಾಬಿನ ಬಾಗಿಲು ತೆರೆಯುವಷ್ಟರಲ್ಲಿ ಹೊರಗಿನ ಬೆಂಚು ತುಂಬಿರುತ್ತದೆ. ಎಲ್ಲರದ್ದೂ ಖಾಲಿ ಹೊಟ್ಟೆ, ಎಲ್ಲರಿಗೂ ಅವಸರ. “ಬೇಗ ತೆಗೀರಿ ಮೇಡಂ, ಎಂಟೂಕಾಲಿನ ಬಸ್ಸು ಹೋಗ್ಬಿಡತ್ತೆ” ಎಂದು ಒಬ್ಬರಾದರೂ ಅನ್ನುತ್ತಾರೆ. ನನ್ನ ಬೆರಳಿಗೆ ಸೂಜಿ ಚುಚ್ಚಿದ್ದು ಇಂಥದ್ದೇ ಒಂದು ಬೆಳಗ್ಗೆ. ರೋಗಿಯ ತೋಳಿನಿಂದ ಸೂಜಿ ಹೊರತೆಗೆದು ಹತ್ತಿ ಒತ್ತಿದೆ. ಸೂಜಿ ಹಾಕುವ ಡಬ್ಬಿ ಕೋಣೆಯ ಆಚೆ ಮೂಲೆಯಲ್ಲಿತ್ತು. ಅಲ್ಲಿಯ ತನಕ ಬರಿಸೂಜಿ ಹಿಡಿದು ಹೋಗುವುದೇಕೆಂದು ಕ್ಯಾಪ್ ಹಾಕಲು ಹೋದೆ. ಎಡಗೈ ತೋರುಬೆರಳ ತುದಿಯಲ್ಲಿ, ಗ್ಲೌಸಿನ ಒಳಗಡೆ, ಕೆಂಪು ಚುಕ್ಕೆಯೊಂದು ನಿಧಾನವಾಗಿ ಅಗಲವಾಯಿತು. ತಪ್ಪು ನನ್ನದೇ. ಆದರೆ ಡಬ್ಬಿ ಕೈಗೆಟುಕುವಲ್ಲಿ ಇದ್ದಿದ್ದರೆ ಕ್ಯಾಪಿನ ಯೋಚನೆಯೇ ಬರುತ್ತಿರಲಿಲ್ಲ.

ಲ್ಯಾಬಿನ ಸುರಕ್ಷತೆ ಎಂದ ಕೂಡಲೇ ನಮ್ಮಲ್ಲಿ ಗ್ಲೌಸು, ಮಾಸ್ಕಿನ ಬಾಕ್ಸುಗಳನ್ನು ತರಿಸುತ್ತಾರೆ. ಅವು ಬೇಕು, ಆದರೆ ಅವು ಕಡೆಯ ಬಾಗಿಲು. ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ, ಆಗದಿದ್ದರೆ ಅದರ ಬದಲಿಗೆ ಕಡಿಮೆ ಅಪಾಯದ್ದು ಇದೆಯೇ, ಅದೂ ಇಲ್ಲವಾದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ಏನಾದರೂ ಅಡ್ಡ ಇಡಬಹುದೇ ಎಂದು ಕೇಳಿಕೊಂಡು, ಆಮೇಲೆ ಕೆಲಸದ ಕ್ರಮ, ಎಲ್ಲಕ್ಕಿಂತ ಕೊನೆಗೆ ಗ್ಲೌಸು. ಎರಡರಿಂದ ಹತ್ತು ಜನ ದುಡಿಯುವ ಊರಿನ ಲ್ಯಾಬುಗಳಲ್ಲಿ ಇದನ್ನು ಜಾರಿಗೆ ತರುವುದು ಹೇಗೆ ಎಂಬುದಷ್ಟೇ ಈ ಬರಹ.

ಮೊದಲು ಒಂದು ನೋಟ್‌ಬುಕ್

ಒಂದು ದಿನ ಒಬ್ಬರನ್ನು ಕೆಲಸದಿಂದ ಬಿಡಿಸಿ, ಕೈಗೆ ನೋಟ್‌ಬುಕ್ ಕೊಡಿ. ಒಂದು ಟ್ಯೂಬ್ ರಕ್ತ ತೋಳಿನಿಂದ ಹೊರಟು ಕಸದ ಚೀಲ ಸೇರುವ ತನಕ ಅದರ ಹಿಂದೆಯೇ ನಡೆಯಲಿ. ಎಷ್ಟು ಕೈ ಮುಟ್ಟಿದವು, ಎಲ್ಲಿ ಮುಚ್ಚಳ ತೆರೆಯಿತು, ಎಲ್ಲಿ ಸಿಡಿಯಬಹುದು, ಗ್ಲೌಸಿನ ಕೈ ಇನ್ನೇನನ್ನು ಮುಟ್ಟಿತು, ಎಲ್ಲವನ್ನೂ ಬರೆಯಲಿ. ನಾನು ಹೀಗೆ ನಡೆದ ದಿನ ಬರೆದುಕೊಂಡದ್ದರಲ್ಲಿ ಕೆಲವು: ಗ್ಲೌಸು ಹಾಕಿದ ಕೈ ಮೊಬೈಲ್ ಎತ್ತಿತು. ಅದೇ ಮೊಬೈಲು ಕೆನ್ನೆಗೆ ಹೋಯಿತು. ಅದೇ ಕೈ ಫ್ರಿಜ್ಜಿನ ಬಾಗಿಲು ತೆರೆಯಿತು, ರೀಏಜೆಂಟಿನ ಪಕ್ಕದಲ್ಲಿ ಯಾರದ್ದೋ ಮೊಸರನ್ನದ ಡಬ್ಬಿ ಇತ್ತು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಬದುಕಿರುತ್ತದೆ. ಕೀಬೋರ್ಡಿನ ಸಂದಿಯ ಕಂದು ಕಲೆಯನ್ನು ಇನ್ನು ಮುಂದೆ ಚಹಾದ ಕಲೆ ಎಂದು ಬಿಟ್ಟುಬಿಡಬೇಡಿ.

ಈ ಪಟ್ಟಿಯೇ ನಿಮ್ಮ ಲ್ಯಾಬಿನ ಕೈಪಿಡಿ. ಬೇರೆ ಊರಿನ ಪ್ರತಿಯನ್ನು ಜೆರಾಕ್ಸ್ ಮಾಡಿ ಫೈಲಿಗೆ ಹಾಕಿಟ್ಟರೆ ತಪಾಸಣೆಯ ದಿನ ತೋರಿಸಲು ಆಗುತ್ತದೆ, ಅಷ್ಟೇ.

ಕುರ್ಚಿಯ ಪಕ್ಕ

ಸೂಜಿ ಹಾಕುವ ಬಿಳಿ ಡಬ್ಬಿ ರಕ್ತ ತೆಗೆಯುವವರ ಬಲಗೈಗೆ, ಎಡಚರಾದರೆ ಎಡಗೈಗೆ, ಕೂತಲ್ಲಿಂದಲೇ ಸಿಗಬೇಕು. ಅದು ಸೂಜಿ ತೂರದಷ್ಟು ಗಟ್ಟಿಯಾಗಿರಬೇಕು, ಮುಕ್ಕಾಲು ತುಂಬಿದೊಡನೆ ಬದಲಾಗಬೇಕು. ತುಂಬಿದ ಡಬ್ಬಿಯೊಳಗೆ ಸೂಜಿ ಒತ್ತಿ ತುರುಕುವಾಗ ಚುಚ್ಚಿಸಿಕೊಂಡವರು ನನಗೆ ಗೊತ್ತು. ಬಳಸಿದ ಸೂಜಿಗೆ ಕ್ಯಾಪ್ ಹಾಕುವ ಅಭ್ಯಾಸವನ್ನು ಪೂರ್ತಿ ಬಿಡಿ. ಹಾಕಲೇಬೇಕಾದ ಸಂದರ್ಭ ಬಂದರೆ ಕ್ಯಾಪನ್ನು ಮೇಜಿನ ಮೇಲಿಟ್ಟು, ಒಂದೇ ಕೈಯಲ್ಲಿ ಸೂಜಿಯನ್ನು ಅದರೊಳಕ್ಕೆ ತೂರಿಸಿ ಎತ್ತಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ.

ಪ್ರತಿ ರೋಗಿಗೂ ಹೊಸ ಗ್ಲೌಸು. ಒಂದೇ ಗ್ಲೌಸಿಗೆ ಸ್ಯಾನಿಟೈಸರ್ ಸವರಿಕೊಂಡು ನಲವತ್ತು ಜನರನ್ನು ಮುಟ್ಟುವುದು ಕೋವಿಡ್ ಕಾಲದಲ್ಲಿ ಅಂಟಿದ ಚಟ. ಅದು ರೋಗಿಗೂ ಒಳ್ಳೆಯದಲ್ಲ, ನಿಮಗೂ ಅಲ್ಲ.

ಕಫದ ಮಾದರಿಯನ್ನು ಲ್ಯಾಬಿನೊಳಗೆ, ಅದರಲ್ಲೂ ಬಚ್ಚಲಿನಲ್ಲಿ, ತೆಗೆಸಬೇಡಿ. ಗಾಳಿಯಾಡುವ ಬಯಲಲ್ಲಿ, ಬೇರೆಯವರಿಂದ ದೂರ ನಿಂತು ಕೆಮ್ಮಿ ಉಗುಳಲಿ. ಕ್ಷಯದ ಮಟ್ಟಿಗೆ ಬಯಲ ಗಾಳಿ ಮತ್ತು ಬಿಸಿಲಿನಷ್ಟು ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ತಿರುಗುವ ಯಂತ್ರ

ಸೆಂಟ್ರಿಫ್ಯೂಜಿನ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಲ್ಯಾಬಿನಲ್ಲಿ ಕಣ್ಣಿಗೆ ಕಾಣದ ಅಪಾಯ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಒಂದು ಟ್ಯೂಬ್ ಒಡೆದರೆ ರಕ್ತ ಮಂಜಿನಂತೆ ಸಣ್ಣ ಸಣ್ಣ ಹನಿಗಳಾಗಿ ಯಂತ್ರದೊಳಗೆ ತುಂಬಿಕೊಳ್ಳುತ್ತದೆ. ಮುಚ್ಚಳ ತೆರೆದ ಕ್ಷಣ ಅದು ನಿಮ್ಮ ಮೂಗಿಗೆ.

ಹಾಗಾಗಿ ಎದುರುಬದುರು ಟ್ಯೂಬುಗಳು ಸಮತೂಕದಲ್ಲಿರಲಿ. ಒಂದೇ ಟ್ಯೂಬ್ ಇದ್ದರೆ ಅಷ್ಟೇ ನೀರು ತುಂಬಿದ ಇನ್ನೊಂದನ್ನು ಎದುರಿಗೆ ಇಡಿ. ಬಿರುಕಿನ ಟ್ಯೂಬ್ ಬೇಡ. ಯಂತ್ರ ತಾನಾಗಿ ನಿಲ್ಲುವ ತನಕ ಕಾಯಿರಿ. ಹಳೆಯ ಯಂತ್ರಗಳ ಮುಚ್ಚಳ ತೆಗೆದು ಬೆರಳು ಒತ್ತಿ ನಿಲ್ಲಿಸುವ ‘ಕೈಚಳಕ’ವನ್ನು ಹೊಸ ಹುಡುಗರಿಗೆ ಕಲಿಸಬೇಡಿ. ತಿರುಗುತ್ತಿರುವಾಗ ಗಾಜು ಒಡೆದ ಸದ್ದು ಕೇಳಿದರೆ ಸ್ವಿಚ್ ಆರಿಸಿ, ಮುಚ್ಚಳ ಮುಟ್ಟದೆ 30 ನಿಮಿಷ ಬಿಡಿ, ಹನಿಗಳು ಕೆಳಗೆ ಕೂರಲಿ. ಆಮೇಲೆ ದಪ್ಪ ಗ್ಲೌಸು, ಮಾಸ್ಕ್, ಕನ್ನಡಕ ಹಾಕಿಕೊಂಡು ಚೂರುಗಳನ್ನು ಇಕ್ಕಳದಿಂದ ಎತ್ತಿ. ಬಾಗಿಲ ಹೊರಗೆ ರಿಪೋರ್ಟಿಗೆ ಕಾದವರು ಬೈಯುತ್ತಾರೆ. ಬೈಯಲಿ.

ಟ್ಯೂಬಿನ ರಬ್ಬರ್ ಮುಚ್ಚಳವನ್ನು ಹೆಬ್ಬೆರಳಿನಿಂದ ಟಪ್ಪೆಂದು ಹಾರಿಸುವುದೂ ಇದೇ ಸಾಲಿನ ಅಭ್ಯಾಸ. ಮೇಲೊಂದು ಗಾಜ್ ಬಟ್ಟೆಯ ತುಂಡು ಮುಚ್ಚಿ, ಮುಖದಿಂದ ದೂರ ಹಿಡಿದು, ತಿರುಚಿ ತೆಗೆಯಿರಿ. ಬಾಯಿಂದ ಪಿಪೆಟ್ ಎಳೆಯುವುದನ್ನು ಇಷ್ಟು ಹೊತ್ತಿಗೆ ಎಲ್ಲರೂ ಬಿಟ್ಟಿರಬೇಕು. ಬಿಡದವರು ಯಾರಾದರೂ ಇದ್ದರೆ ಅವರ ಕೈಗೆ ಪಿಪೆಟ್ ಕೊಡಬೇಡಿ.

ಕಲ್ಚರ್ ಮಾಡುವ ಲ್ಯಾಬುಗಳಿಗೆ ಇನ್ನೊಂದು ಮಾತು. ಪ್ಲೇಟಿನ ಮುಚ್ಚಳ ತೆಗೆದು ಮೂಸಿ ನೋಡಿ ಬ್ಯಾಕ್ಟೀರಿಯಾ ಹೇಳುವ ಹಿರಿಯರು ಇದ್ದರು, ಅದನ್ನು ಒಂದು ವಿದ್ಯೆಯೆಂದೇ ನಾವು ಬೆರಗಿನಿಂದ ನೋಡುತ್ತಿದ್ದೆವು. ಆದರೆ ದನ, ಕುರಿಗಳ ಒಡನಾಟವಿದ್ದು ವಾರಗಟ್ಟಲೆ ಜ್ವರದಿಂದ ನರಳುವವರ ರಕ್ತದಲ್ಲಿ ಬ್ರುಸೆಲ್ಲಾ ಇರಬಹುದು. ಲ್ಯಾಬಿನವರಿಗೆ ಸುಲಭವಾಗಿ ತಗಲುವ ಬ್ಯಾಕ್ಟೀರಿಯಾಗಳಲ್ಲಿ ಅದು ಮುಂದಿನ ಸಾಲಿನದು. ಮೂಸಿದರೆ ಸಾಕು, ಒಳಗೆ ಹೋಗುತ್ತದೆ. ಇಂಥ ಕೆಲಸಕ್ಕೆ ಸೇಫ್ಟಿ ಕ್ಯಾಬಿನೆಟ್ ಇಲ್ಲದಿದ್ದರೆ ಮಾದರಿಯನ್ನು ಇರುವಲ್ಲಿಗೆ ಕಳಿಸಿ.

ಮಲೆನಾಡಿನವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ವೈರಾಣು, ಅದನ್ನು ಅಭ್ಯಾಸ ಮಾಡಿದ ಪ್ರಯೋಗಾಲಯದವರಿಗೂ ತಗಲಿತ್ತು. ಉಣ್ಣೆ ಕಚ್ಚಿಸಿಕೊಂಡು ಜ್ವರ ಬಂದವರ ರಕ್ತವನ್ನು ಸೋರದಂತೆ ಮೂರು ಪದರದಲ್ಲಿ ಕಟ್ಟಿ, ಅದಕ್ಕೆಂದೇ ಇರುವ ಸರ್ಕಾರಿ ಲ್ಯಾಬಿಗೆ ಕಳಿಸಬೇಕು. ಅಪಾಯ ಲ್ಯಾಬಿನ ಗೋಡೆಯೊಳಗೇ ಉಳಿಯುತ್ತದೆ ಎಂದೂ ಇಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಿಡುಬಿನಿಂದ ಸತ್ತ ಜಾನೆಟ್ ಪಾರ್ಕರ್ ಫೋಟೋ ತೆಗೆಯುವ ಕೆಲಸದವರು. ಸಿಡುಬಿನ ಲ್ಯಾಬಿನ ಮೇಲಿನ ಮಹಡಿಯಲ್ಲಿ ಅವರ ಕೋಣೆ ಇತ್ತು.

ಚೆಲ್ಲಿದರೆ

ಸೋಂಕು ಕಳೆಯುವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಕ್ಯಾನ್ ಎಲ್ಲರಲ್ಲೂ ಇದೆ, ಅಳತೆ ಮಾತ್ರ ಯಾರಲ್ಲೂ ಇಲ್ಲ. ಕ್ಯಾನಿನ ಮೇಲೆ 5% ಎಂದಿದ್ದರೆ ಅದರ 200 ಮಿಲಿಗೆ 800 ಮಿಲಿ ನೀರು ಬೆರೆಸಿದಾಗ 1% ಆಗುತ್ತದೆ. 10% ಎಂದಿದ್ದರೆ 100 ಮಿಲಿಗೆ 900 ಮಿಲಿ. ಪ್ರತಿದಿನ ಬೆಳಗ್ಗೆ ಹೊಸದಾಗಿ ಮಾಡಿ, ಬಾಟಲಿಗೆ ತಾರೀಕು ಬರೆಯಿರಿ. ಬಿಸಿಲಿಗೂ ಸೆಕೆಗೂ ಅದರ ಕಸುವು ಇಳಿಯುತ್ತದೆ, ನಿನ್ನೆಯದ್ದು ಇವತ್ತಿಗೆ ವಾಸನೆಯ ನೀರು.

ರಕ್ತ ಚೆಲ್ಲಿದರೆ ನೇರ ಒರೆಸಬೇಡಿ. ಗ್ಲೌಸು ಹಾಕಿ, ಗಾಜಿನ ಚೂರಿದ್ದರೆ ಇಕ್ಕಳದಿಂದ ತೆಗೆದು, ಹಳೆ ಪೇಪರು ಅಥವಾ ಟಿಶ್ಯೂ ಹೊದಿಸಿ. ಅದರ ಮೇಲೆ ಹೈಪೋವನ್ನು ಅಂಚಿನಿಂದ ನಡುವಿಗೆ ಸುರಿಯಿರಿ. ನಡುವಿನಿಂದ ಸುರಿದರೆ ರಕ್ತ ಹೊರಕ್ಕೆ ಹರಡುತ್ತದೆ. ಅರ್ಧ ಗಂಟೆ ಬಿಟ್ಟು ಪೇಪರನ್ನು ಹಳದಿ ಚೀಲಕ್ಕೆ ಹಾಕಿ, ನೆಲವನ್ನು ಮತ್ತೊಮ್ಮೆ ಒರೆಸಿ. ಹೈಪೋಗೆ ಆ್ಯಸಿಡ್ ಮಾತ್ರ ಯಾವತ್ತೂ ತಾಗಬಾರದು. ಬಚ್ಚಲು ತೊಳೆಯುವ ಆ್ಯಸಿಡ್ಡಿನ ಜೊತೆ ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಕೋಣೆಯಲ್ಲಿ ಉಸಿರು ಕಟ್ಟಲು ಅಷ್ಟು ಸಾಕು.

ಕಪಾಟಿನಲ್ಲಿರುವುದು

ಫಾರ್ಮಲಿನ್ ಕ್ಯಾನ್ಸರ್‌ಕಾರಕ. ಅದನ್ನು ನೀರಿನ ಬಾಟಲಿಗೆ ತುಂಬಿ ಕೊಟ್ಟು ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಬಾಯಾರಿದ ಯಾರಾದರೂ ಎತ್ತಿ ಕುಡಿದಾರು. ಲೀಶ್ಮನ್ ಸ್ಟೇನಿನ ಮೆಥನಾಲು ಉರಿಯುವಾಗ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಸ್ಪಿರಿಟ್ ದೀಪದ ಹತ್ತಿರ ಅದರ ಬಾಟಲಿ ಬೇಡ. ಇಂಥ ದ್ರವಗಳನ್ನು ಮನೆಬಳಕೆಯ ಫ್ರಿಜ್ಜಿನಲ್ಲೂ ಇಡಬೇಡಿ, ಒಳಗಿನ ಸ್ವಿಚ್ಚಿನ ಒಂದು ಕಿಡಿ ಸಾಕು. ಆ್ಯಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆ್ಯಸಿಡ್ಡಿಗಲ್ಲ. ಕೆಲವು ರೀಏಜೆಂಟುಗಳಲ್ಲಿ ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕಿರುತ್ತಾರೆ. ಅದನ್ನು ವರ್ಷಗಟ್ಟಲೆ ಸಿಂಕಿಗೆ ಸುರಿದರೆ ತಾಮ್ರ, ಸೀಸದ ಪೈಪಿನಲ್ಲಿ ಸಿಡಿಯುವ ಲವಣ ಕಟ್ಟಿಕೊಳ್ಳುತ್ತದೆ. ಲೇಬಲ್ ಓದಿ.

ಕಸ ಯಾರ ಕೈಗೆ ಹೋಗುತ್ತದೆ

ಟ್ಯೂಬಿನ ದಾರಿಯ ಕೊನೆಯಲ್ಲಿ ಇರುವವರು ಕಸ ಎತ್ತುವ ಅಕ್ಕ. ತರಬೇತಿಗೆ ಅವರನ್ನು ಕರೆಯುವುದಿಲ್ಲ, ಲಸಿಕೆಯ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ, ಚೀಲದಲ್ಲಿ ಬೇರೆಯವರು ತಪ್ಪಿ ಹಾಕಿದ ಸೂಜಿ ಮಾತ್ರ ಅವರ ತೊಡೆಗೆ ಚುಚ್ಚುತ್ತದೆ. ನನಗೆ ಕಂಡ ಮಟ್ಟಿಗೆ ಒಂದು ಲ್ಯಾಬ್ ಸರಿಯಿದೆಯೇ ಎಂದು ತಿಳಿಯಲು ಅವರನ್ನು ಮಾತಾಡಿಸಿದರೆ ಸಾಕು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಹಾಸಿಗೆಯಿಲ್ಲದ ಸಣ್ಣ ಲ್ಯಾಬಿಗೂ ಅನ್ವಯಿಸುತ್ತವೆ. ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ; ಗ್ಲೌಸು, ಸೂಜಿ ತೆಗೆದ ಸಿರಿಂಜು, ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ; ಸೂಜಿ, ಬ್ಲೇಡು ಬಿಳಿ ಡಬ್ಬಿಗೆ; ಗಾಜು ನೀಲಿಗೆ. ರಕ್ತದ ಮಾದರಿ ಮತ್ತು ಕಲ್ಚರಿನ ಕಸವನ್ನು ಲ್ಯಾಬಿನಲ್ಲೇ ಸೋಂಕು ಕಳೆದು ಹೊರಗೆ ಕೊಡಬೇಕು. 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪುರಸಭೆಯ ಗಾಡಿಗೆ ಒಂದು ಗ್ಲೌಸೂ ಹೋಗಬಾರದು. ಕಸ ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದನ್ನೂ ಇದೇ ನಿಯಮ ಮಾಲೀಕರ ಹೊಣೆ ಎನ್ನುತ್ತದೆ.

ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು: ಮೊದಲನೆಯದು, ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮುಗಿದು ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ನೋಡಿಸಿ, 10 ಅಥವಾ ಹೆಚ್ಚಿದ್ದರೆ ರಕ್ಷಣೆ ಬಂದಿದೆ. ಊರಿಗೆಲ್ಲ ಟೆಸ್ಟ್ ಮಾಡುವ ನಾವು ನಮ್ಮದೊಂದು ಟೆಸ್ಟ್ ಮಾಡಿಕೊಂಡಿರುವುದಿಲ್ಲ.

ಚುಚ್ಚಿಯೇ ಬಿಟ್ಟರೆ

ಬೆರಳನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ, ಹೈಪೋದಲ್ಲಿ ಅದ್ದಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಸಿಡಿದರೆ ನೀರು ಅಥವಾ ಸಲೈನ್ ಹಾಯಿಸುತ್ತಲೇ ಇರಿ. ತಕ್ಷಣ ಮೇಲಿನವರಿಗೆ ಹೇಳಿ, ಸಮಯ ಬರೆದಿಡಿ, ಯಾರ ರಕ್ತವೆಂದು ಗುರುತು ಮಾಡಿ, ಅವರ ಒಪ್ಪಿಗೆ ಪಡೆದು ಪರೀಕ್ಷೆ ಮಾಡಿ. ಆಮೇಲೆ ನೇರ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರವಿರುವ ಆಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರುಮಾಡಿದರೆ ಅತ್ಯುತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಒಟ್ಟು 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿರದವರಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಬೇಕಾಗಬಹುದು, ಅದೂ ಸಾಧ್ಯವಾದರೆ 24 ಗಂಟೆಯೊಳಗೆ.

ಭಯವಾಗುತ್ತದೆ, ಲೆಕ್ಕವೂ ಗೊತ್ತಿರಲಿ. ಎಚ್‌ಐವಿ ಇರುವವರ ರಕ್ತದ ಸೂಜಿ ಚುಚ್ಚಿದಾಗ ಸೋಂಕು ತಗಲುವುದು ಸಾವಿರಕ್ಕೆ ಮೂವರಿಗೆ. ಹೆಪಟೈಟಿಸ್ ಬಿ ಆದರೆ, ಲಸಿಕೆ ಪಡೆಯದ ನೂರು ಜನರಲ್ಲಿ ಆರರಿಂದ ಮೂವತ್ತು ಮಂದಿಗೆ. ನಾವು ಹೆದರುವುದು ಮೊದಲನೆಯದಕ್ಕೆ, ಮರೆಯುವುದು ಎರಡನೆಯದನ್ನು.

ಚುಚ್ಚಿದ್ದನ್ನು ಮುಚ್ಚಿಡುವವರೇ ಹೆಚ್ಚು. ನಾನೂ ಆ ದಿನ ಮಧ್ಯಾಹ್ನದ ತನಕ ಯಾರಿಗೂ ಹೇಳಲಿಲ್ಲ, ಬೈಸಿಕೊಳ್ಳಬೇಕಲ್ಲ ಎಂದು. ಅದೃಷ್ಟಕ್ಕೆ ಎಲ್ಲ ಸರಿಯಿತ್ತು. ಮಾಲೀಕರು ಮಾಡಬೇಕಾದ್ದು ಇಷ್ಟು: ಹೇಳಿಕೊಂಡವರನ್ನು ಬೈಯದಿರುವುದು, ಸಂಬಳ ಹಿಡಿಯದಿರುವುದು. 2017ರ ಎಚ್‌ಐವಿ ಕಾಯ್ದೆ ಸುರಕ್ಷತಾ ಸಾಮಗ್ರಿಯನ್ನೂ ಎಚ್‌ಐವಿ ತಡೆಯುವ ಮಾತ್ರೆಯನ್ನೂ ಕೊಡುವುದು ಸಂಸ್ಥೆಯ ಕರ್ತವ್ಯ ಎಂದಿದೆ. ಹತ್ತಿರದ ಎಆರ್‌ಟಿ ಕೇಂದ್ರದ ಫೋನ್ ನಂಬರನ್ನೂ ರಾಷ್ಟ್ರೀಯ ಸಹಾಯವಾಣಿ 1097 ಅನ್ನೂ ಸಿಂಕಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಬೆಂಚಿನ ಮೇಲೆ ಕಾಯುವವರು. ನಿಮ್ಮಲ್ಲೊಂದು ಕೋರಿಕೆ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಬಿಚ್ಚಲಿ ಎಂದು ಕೇಳಿ, ಗ್ಲೌಸು ಬದಲಾಯಿಸಿದರೇ ಎಂದು ನೋಡಿ, ಕೇಳುವುದು ನಿಮ್ಮ ಹಕ್ಕು. ರಕ್ತ ತೆಗೆದ ಮೇಲೆ ಸೂಜಿ ಡಬ್ಬಿಯೊಳಗೆ ಬೀಳುವ ತನಕ ಕೂತಲ್ಲಿಂದ ಏಳಬೇಡಿ, ಅವರನ್ನು ಮಾತಾಡಿಸಲೂ ಬೇಡಿ.